ಎಮ್ಮೆಗೆ ಲೆಕ್ಕ ಕೇಳುತ್ತಿದ್ದ ಮಿಸ್ತ್ರಿ

ಹೋದ ಅಮಾವಾಸ್ಯೆಯ ದಿನ ನೀವು ಹೊಸ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಿರಿ. ಪೂಜೆ ಮುಗಿದು ಕಾಯಿ ಒಡೆದ ಮೇಲೆ ನಿಮ್ಮಲ್ಲಿ ದೊಡ್ಡವನು, ಇದಕ್ಕೆ ಎಂಬತ್ತು ಕುದುರೆಗಳ ಶಕ್ತಿ ಇದೆ ಅಜ್ಜಿ ಎಂದ. ಯಾರು ಅಳೆದರು ಎಂದು ಕೇಳಿದೆ. ಪುಸ್ತಕದಲ್ಲಿ ಬರೆದಿದೆ ಎಂದ. ನಾನು ಸುಮ್ಮನಾದೆ.

ನಾನು ಸುಮ್ಮನಾಗುವುದು ನಿಮಗೆ ಹೊಸದಲ್ಲ. ಆದರೆ ಅಂದು ಸುಮ್ಮನಾದದ್ದು ತಿಳಿಯದೆ ಅಲ್ಲ, ನಗು ತಡೆಯಲು. ಪುಸ್ತಕ ನೋಡಿ ಕುದುರೆ ಎಣಿಸುವವರನ್ನು ಕಂಡರೆ ಎಲೆಯಡಿಕೆ ಉಗುಳಿ ಎದ್ದು ಹೋಗುತ್ತಿದ್ದ ಒಬ್ಬರನ್ನು ನಾನು ಬಲ್ಲೆ. ಅವರ ಸಂಗತಿಯನ್ನು ನಿಮ್ಮೆದುರು ಕೂತು ಹೇಳುವುದು ನನ್ನಿಂದ ಆಗದು. ನಿಮ್ಮ ಹಳೆಯ ನೋಟುಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿವೆ, ಅವುಗಳಲ್ಲಿ ಬರೆದಿಡುತ್ತೇನೆ.

ಅವರಿಗೆ ಹೆಸರಿತ್ತು, ದೇವರದೇ ಹೆಸರು. ಆದರೆ ಆ ಹೆಸರಿನಿಂದ ಯಾರಾದರೂ ಕರೆದರೆ ಓಗೊಡುತ್ತಿರಲಿಲ್ಲ. "ದಿನಾ ಗಾಡಿಗೆ ಬೈಯಾಂವ ನಾನು. ಆ ಬೈಗುಳದಾಗ ದೇವರ್ನ ಯಾಕ ಎಳ್ಯೂದು?" ಎನ್ನುತ್ತಿದ್ದರು. ಹಾಗಾಗಿ ಎಲ್ಲರಿಗೂ ಮಿಸ್ತ್ರಿ. ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾನು ಇಲ್ಲಿ ಅವರು ಎಂದೇ ಬರೆಯುತ್ತೇನೆ. ಆಗ ಅನ್ನಲು ಆಗಿರಲಿಲ್ಲ.

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನನ್ನ ಮಾವ ಹತ್ತಿಯ ದಲಾಲರು. ಹಿತ್ತಲಲ್ಲಿ ಒಂದು ಬಾವಿ, ಒಂದು ಬೇವಿನ ಮರ, ಎಮ್ಮೆಯ ಕೊಟ್ಟಿಗೆ, ಅದರ ಪಕ್ಕದಲ್ಲಿ ಒಂದು ಹಳೆಯ ಲಾರಿ. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿದ್ದ ಕಾಲ, ಆ ಚೀಟಿ ನಮಗೆ ಸಿಗುತ್ತಿರಲಿಲ್ಲ. ಲಾರಿ ನಿಂತಲ್ಲೇ ನಿಂತು ಕೋಳಿಗಳ ಮನೆಯಾಗಿತ್ತು. ಡ್ರೈವರನ ಸೀಟಿನ ಮೇಲೆ ಕೆಂಪು ಹುಂಜ ಕೂತಿರುತ್ತಿತ್ತು. ಮಾವ ಅದನ್ನು ಗುಜರಿಗೆ ಕೊಡುವ ಮಾತಾಡುತ್ತಿದ್ದರು.

ಮಿಸ್ತ್ರಿ ಹುಟ್ಟಿನಿಂದ ಕಂಬಾರರು. ಬಂಡಿಯ ಗಾಲಿಗೆ ಹಳಿ ಕಟ್ಟುತ್ತ, ಎತ್ತಿನ ಕಾಲಿಗೆ ಲಾಳ ಬಡಿಯುತ್ತ ಬೆಳೆದವರು. ಆಮೇಲೆ ಕೆಲವು ವರ್ಷ ರೈಲಿನ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದು, ಅಲ್ಲಿನ ಒಬ್ಬ ಗೋರಾ ಸಾಹೇಬನ ಹಿಂದೆ ತಿರುಗಿ, ಯಂತ್ರದ ವಿದ್ಯೆ ಕಲಿತು, ಅದೇ ಸಾಹೇಬನಿಗೆ ಎದುರುತ್ತರ ಕೊಟ್ಟು ಹೊರಬಿದ್ದವರು. ಐದಾರು ವರ್ಷದಿಂದ ಮಾವನ ಲಾರಿ ನಡೆಸುತ್ತಿದ್ದರು. ಗುಜರಿಯ ಮಾತು ಕಿವಿಗೆ ಬಿದ್ದ ದಿನ ಬಂದು ಜಗಲಿಯ ಕೆಳಗೆ ನಿಂತರು.

"ಸಾವಕಾರ್ರ, ಮೂರು ತಿಂಗಳು ಕೊಡ್ರಿ. ಇದನ್ನ ಇದ್ದಿಲಮ್ಯಾಲ ಓಡಸ್ತೇನಿ."

"ಗಾಡಿ ಏನು ಇಸ್ತ್ರಿ ಪೆಟಗಿ ಏನಲೇ, ಇದ್ದಿಲಮ್ಯಾಲ ನಡ್ಯಾಕ?" ಎಂದರು ಮಾವ.

"ಪೆಟ್ರೋಲ್ ಕುಡಿಯೂದು ಸಾಹೇಬರ ಚಟರಿ. ನಮ್ಮ ಗಾಡಿ ಬೀಡಿ ಸೇದತೈತಿ. ಅಷ್ಟ."

ಮಾವನಿಗೆ ನಗು ಬಂತು. ಮೂರು ತಿಂಗಳು ಸಿಕ್ಕವು.

ನೀವು ನೋಡಿಲ್ಲ, ಆಗ ಹಾಗೆ ನಡೆಯುವ ಮೋಟಾರುಗಳಿದ್ದವು. ಬದಿಯಲ್ಲಿ ಆಳೆತ್ತರದ ಕಬ್ಬಿಣದ ಡಬ್ಬ, ಅದರಲ್ಲಿ ಇದ್ದಿಲು ಕೆಂಡವಾಗಿ ಹೊಗೆಯೆಬ್ಬಿಸಬೇಕು, ಆ ಹೊಗೆ ಸೋಸಿ ಎಂಜಿನ್ನಿಗೆ ಹೋಗಬೇಕು. ಕಂಪನಿಯವರು ಮಾಡಿದ ಡಬ್ಬ ತರಿಸಲು ಮಾವ ಒಪ್ಪಲಿಲ್ಲ. ಮಿಸ್ತ್ರಿ ಹಳೆಯ ಬಾಯ್ಲರಿನ ತಗಡು ಬಡಿದು ತಾವೇ ಮಾಡಿದರು. ಕೆಂಡ ಊದಲು ತಮ್ಮ ಅಪ್ಪನ ಕುಲುಮೆಯ ತಿದಿಯನ್ನು ತಂದು ಕಟ್ಟಿದರು. ಮೊದಲ ಸಲ ಅದಕ್ಕೆ ಬೆಂಕಿ ಹಚ್ಚಿದಾಗ ಡಬ್ಬದ ಬಾಯಿಂದ ಭುಗಿಲೆಂದು ಎದ್ದು ಅವರ ಎಡಗಣ್ಣಿನ ಹುಬ್ಬು ಸುಟ್ಟುಹೋಯಿತು. ಅದು ಮತ್ತೆ ಬೆಳೆಯಲೇ ಇಲ್ಲ. ಒಂದೇ ಹುಬ್ಬಿನ ಮುಖದಲ್ಲಿ ಅವರು ಏನು ಹೇಳಿದರೂ ಚೇಷ್ಟೆ ಮಾಡಿದ ಹಾಗೇ ಕಾಣುತ್ತಿತ್ತು. ಬಹುಮಟ್ಟಿಗೆ ಚೇಷ್ಟೆಯನ್ನೇ ಮಾಡುತ್ತಿದ್ದರು ಅನ್ನಿ.

ಆಯುಧಪೂಜೆಗೆ ಮಾವ ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದರೆ, "ಇದರಿಂದ ಗಾಡಿ ಮುಂದ ಹೋಗೂದಿಲ್ರಿ, ಶರಬತ್ತರ ಆಗತಿತ್ತು" ಎನ್ನುವರು. ಎರೆಮಣ್ಣಿನಲ್ಲಿ ಸಿಕ್ಕಿಕೊಂಡು ಬಂದ ದಿನ, "ಆ ಶಿವ ಎರಿ ಮಣ್ಣು ಮಾಡೂ ಮುಂದ ಗಾಲಿ ಅನ್ನೂದು ನೋಡಿರ್ಲಿಲ್ಲ. ಅಂವಗೇನು, ಎತ್ತಿನಮ್ಯಾಲ ಹೋಗಾಂವ" ಎನ್ನುವರು. ನಟ್ಟು ಬಿಗಿಯುವ ಪಾನಾವನ್ನು ಹಲ್ಲಿನ ಮೇಲೆ ಬಡಿಯುತ್ತ ಯೋಚನೆ ಮಾಡುವರು. ಆ ಟಿಕ್ ಟಿಕ್ ಕೇಳಿದರೆ ನಮಗೆ ಗೊತ್ತು, ಇನ್ನು ಏನೋ ಒಡೆಯುತ್ತದೆ ಇಲ್ಲವೆ ಏನೋ ಕೂಡಿಕೊಳ್ಳುತ್ತದೆ.

ಹೆಂಗಸರ ಮುಖ ನೋಡಿ ಮಾತಾಡಿದವರಲ್ಲ. ನೀರು ಬೇಕಾದರೆ ಬೇವಿನ ಮರಕ್ಕೆ ಹೇಳಿದಂತೆ ಹೇಳುವರು. ಅದು ಆ ಕಾಲದ ಮರ್ಯಾದೆ. ಮನೆಯ ಹೊಸ ಸೊಸೆ ಪರಗಂಡಸಿನ ಜೊತೆ ಮಾತಾಡುವುದಂತೂ ದೂರ, ಮಾವನ ಎದುರು ಬಾಯಿ ಬಿಡುವಂತಿರಲಿಲ್ಲ. ನನಗೆ ಅದೇನು ಕಷ್ಟ ಅನಿಸಲಿಲ್ಲ. ಮಾತಾಡದೆ ಇರುವುದು ನನಗೆ ಹುಟ್ಟಿನಿಂದ ಬಂದದ್ದು.

ಬಾರದೆ ಹೋದದ್ದು ತಪ್ಪು ಲೆಕ್ಕ ಕೇಳಿಕೊಂಡು ಇರುವುದು. ನಮ್ಮೂರ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೆ. ಅಲ್ಲಿನ ಮಾಸ್ತರು ಕಾಲಿನ ಮಗ್ಗಿ, ಮುಕ್ಕಾಲಿನ ಮಗ್ಗಿ, ತ್ರೈರಾಶಿ ಎಲ್ಲವನ್ನೂ ಬೆತ್ತದಿಂದ ಕೂರಿಸಿದ್ದರು. ಒಂದು ದಿನ ಅಡುಗೆಮನೆಯಲ್ಲಿ ಹಿತ್ತಲ ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದೆ. ಹೊರಗೆ ಮಿಸ್ತ್ರಿ ನೆಲದ ಮೇಲೆ ಇದ್ದಿಲಿನಿಂದ ಗೀಚುತ್ತ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಅಂಕಿ ಗುರುತಿಸುತ್ತಿದ್ದರು, ಆದರೆ ಗುಣಾಕಾರ ಬರುತ್ತಿರಲಿಲ್ಲ.

"ಎಂಟನೂರು ಮೂವತ್ಮೂರಲೆ... ಇಪ್ಪತ್ನಾಕು ಸಾವಿರ..."

"ಇಪ್ಪತ್ತಾರು ಸಾವಿರದ ನಾಕನೂರು" ಎಂದು ನನ್ನ ಬಾಯಿಂದ ಬಿದ್ದುಹೋಯಿತು.

ಮೆಲ್ಲಗೆ ಕಿಟಕಿಯ ಸಂದಿಯಿಂದ ನೋಡಿದೆ. ಮಿಸ್ತ್ರಿ ಕಿಟಕಿಯ ಕಡೆ ತಿರುಗಿಯೂ ಇರಲಿಲ್ಲ. ಎಮ್ಮೆಯ ಮುಖ ನೋಡುತ್ತಿದ್ದರು.

"ಭೇಷ್ ಎಮ್ಮಿ" ಎಂದರು. "ಯಾವ ಸಾಲಿ ಕಲತಿ?"

ಅಂದಿನಿಂದ ಅದೇ ರೂಢಿಯಾಯಿತು. ಅವರು ಎಮ್ಮೆಯನ್ನು ಕೇಳುವರು, ನಾನು ಒಳಗೆ ಪಾತ್ರೆಗಳಿಗೆ ಹೇಳುವೆನು. ಅತ್ತೆಗೆ ಅನುಮಾನ ಬಂತು. ನಿಮ್ಮ ಮುತ್ತಜ್ಜಿ ದೊಡ್ಡ ಆಳು, ದೊಡ್ಡ ದನಿ. ಕುಪ್ಪಸದ ತೋಳು ಹೊಲಿಯುವ ಚಿಪ್ಪಿಗ, ಇದು ತೋಳಿನ ಅಳತೆಯೋ ನಡುವಿನದೋ ಎಂದು ಎರಡು ಸಲ ಕೇಳಿಸುತ್ತಿದ್ದ.

"ಏನೋ ಮಿಸ್ತ್ರಿ, ಎಮ್ಮಿ ಕೂಡ ಏನು ಮಾತು?"

"ಲೆಕ್ಕಾ ಕೇಳಾಕತ್ತೇನ್ರಿ ಅವ್ವಾರ."

"ಹೇಳತೈತೇನು?"

"ಮನ್ಯಾಗಿನ ಮಂದಿಗಿಂತ ಛಲೋ ಹೇಳತೈತ್ರಿ. ಮತ್ತ ಎದುರ ಮಾತಾಡೂದಿಲ್ಲ."

ಗಂಡಿಗೆ ಮರುಳು ಹಿಡಿದರೆ ಎಮ್ಮೆಯೂ ಪಂಡಿತ ಎಂದುಕೊಂಡು ಅತ್ತೆ ಒಳಗೆ ಹೋದರು.

ಅವರು ಅಳೆಯಲು ಹೊರಟದ್ದು ಲಾರಿಗೆ ಎಷ್ಟು ಕುದುರೆಯ ಬಲ ಉಳಿದಿದೆ ಎಂಬುದನ್ನು. ಇದ್ದಿಲ ಹೊಗೆಯಲ್ಲಿ ಪೆಟ್ರೋಲಿನ ಕಸುವು ಇಲ್ಲವೆಂದು ಅವರಿಗೆ ಗೊತ್ತಿತ್ತು. ಎಷ್ಟು ಇಲ್ಲ ಎಂಬುದು ಬೇಕಿತ್ತು. ಕಾರ್ಖಾನೆಯ ಸಾಹೇಬ ಕಲಿಸಿದ ಸೂತ್ರ ಒಂದೇ ಅವರ ಬಳಿ ಇದ್ದ ಶಾಸ್ತ್ರ: ಒಂದು ಕುದುರೆ ಒಂದು ನಿಮಿಷದಲ್ಲಿ ಮೂವತ್ತಮೂರು ಸಾವಿರ ರತ್ತಲು ಭಾರವನ್ನು ಒಂದು ಫೂಟು ಮೇಲಕ್ಕೆ ಎತ್ತುತ್ತದೆ. ರತ್ತಲೆಂದರೆ ನಿಮ್ಮ ಅರ್ಧ ಕಿಲೋಗೆ ತುಸು ಕಡಿಮೆ.

"ಅದು ಯಾವ ಊರ ಕುದುರಿನೋ ಎಮ್ಮಿ" ಎನ್ನುತ್ತಿದ್ದರು. "ಧಾರವಾಡದ ಟಾಂಗಾದ ಕುದುರಿ ಹಿಡದ್ರ ನಮ್ಮ ಗಾಡಿ ನೂರು ಕುದುರಿ ಆಗತೈತಿ. ಅವು ಕುದುರಿ ವೇಷದಾಗ ಒದರೂ ಕತ್ತಿ."

ಲಾರಿಯನ್ನು ಹತ್ತಿ ಗಿರಣಿಯ ಬಂಡಿ ತೂಗುವ ಕಾಂಟಾದ ಮೇಲೆ ಹತ್ತಿಸಿದರು. ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನ ಗಾಲಿ. ಮೂರು ಸಾವಿರ, ಮೂರು ಸಾವಿರ, ಒಟ್ಟು ಆರು ಸಾವಿರ ರತ್ತಲು. ಬೈರಿದೇವರಕೊಪ್ಪದ ಹತ್ತಿರ ಒಂದು ದಿನ್ನೆ ಹುಡುಕಿದರು. ಈಗ ನೀವು ನವನಗರ ಅನ್ನುತ್ತೀರಲ್ಲ, ಆ ಕಡೆಯೆಲ್ಲ ಆಗ ಬರೀ ಹೊಲ. ಗೌಂಡಿಯ ಮಟ್ಟಹಲಗೆ ಹಿಡಿದು ದಿನ್ನೆಯ ಎತ್ತರ ಅಳೆದರು, ಮೂವತ್ತಮೂರು ಫೂಟು. ಗಡಿಯಾರ ಹಿಡಿದು ನಿಮ್ಮ ಅಜ್ಜ ಹೋಗಿದ್ದರು. ಮಾವ ಮುಚ್ಚಿಟ್ಟಿದ್ದ ಕೊನೆಯ ಡಬ್ಬ ಪೆಟ್ರೋಲಿನಲ್ಲಿ ಹದಿನೈದು ಸೆಕೆಂಡಿಗೆ ಏರಿತು. ಇದ್ದಿಲಿನಲ್ಲಿ ಇಪ್ಪತ್ತನಾಲ್ಕು.

ಪಾತ್ರೆ ತಿಕ್ಕುತ್ತ ನಾನು ಲೆಕ್ಕ ಹಾಕಿದೆ. ಪೆಟ್ರೋಲಿನಲ್ಲಿ ಇಪ್ಪತ್ತನಾಲ್ಕು ಕುದುರೆ, ಇದ್ದಿಲಿನಲ್ಲಿ ಹದಿನೈದು. ಕಾಗದ ಪೆನ್ಸಿಲು ಕೊಟ್ಟರೆ ನೀವೂ ಮಾಡಿ ನೋಡಿರಿ, ತಪ್ಪಿಲ್ಲ.

ಮಿಸ್ತ್ರಿ ಹೋಗಿ ಮಾವನಿಗೆ ವರದಿ ಒಪ್ಪಿಸಿದರು.

"ಒಂಬತ್ತು ಕುದುರಿ ಎಲ್ಲಿ ಹೋದ್ವು?" ಎಂದರು ಮಾವ.

"ಹೊಗಿ ಸೇದಿ ಮಲಗ್ಯಾವ್ರಿ. ಉಳದ ಹದಿನೈದು ಮನಿತನಸ್ಥ ಅದಾವ, ದುಡೀತಾವ."

ಆ ಹೊತ್ತಿಗೆ ನನ್ನ ನಾದಿನಿಯ ಮದುವೆ ಕೂಡಿತು. ಬೀಗರು ಧಾರವಾಡದ ಆಚೆ ಕೆಲಗೇರಿಯವರು. ಮದುವೆ ಅವರ ಮನೆಯ ಮುಂದೆ, ರೋಹಿಣಿ ಮಳೆಯ ಹೊತ್ತಿಗೆ. ಬಾಡಿಗೆಯ ಮೋಟಾರು ಸಿಗುವ ಹಾಗಿರಲಿಲ್ಲ, ಎತ್ತಿನ ಚಕ್ಕಡಿಯಲ್ಲಿ ಹೋದರೆ ಅರ್ಧ ದಿನ. ಮಿಸ್ತ್ರಿ ಮುಂದೆ ಬಂದು, ಲಾರಿಯಲ್ಲಿ ಎಲ್ಲರನ್ನೂ ಕರೆದೊಯ್ಯುತ್ತೇನೆ ಎಂದರು. ಮಾವ ಹೇಳಿದರು:

"ನೋಡು. ಗುಜರಿಯಾಂವ ಸೋಮವಾರ ಬರತಾನ. ಅಕ್ಕಿಕಾಳು ಬೀಳೂ ಮುಹೂರ್ತದ ಹೊತ್ತಿಗೆ ದಿಬ್ಬಣ ಮುಟ್ಟಿಸಿದ್ರ ಗಾಡಿ ನಿನ್ನ ಕೈಯಾಗ. ಬೀಗರ ಮುಂದ ನನ್ನ ಮಾನಾ ಕಳದ್ರ, ಆ ಡಬ್ಬಿ ಸುದ್ದಾ ತೂಕಕ್ಕ ಹಾಕತೇನಿ."

"ಆಗ್ಲಿರಿ" ಎಂದರು ಮಿಸ್ತ್ರಿ. ಹಿತ್ತಲಿಗೆ ಬಂದವರು ಬಹಳ ಹೊತ್ತು ಪಾನಾ ಬಡಿಯಲಿಲ್ಲ. ಆಮೇಲೆ ಎಮ್ಮೆಗೆ ಹೇಳಿದರು: "ಐವತ್ತು ದಾಟೇತಿ ನನಗ. ಇದು ಹೋದ್ರ ಮತ್ತ ಎತ್ತಿನ ಕಾಲು ಹಿಡಕೊಂಡು ಲಾಳ ಬಡಕೋತ ಕೂಡಬೇಕು. ಎತ್ತಿನ ಕಾಲು ಹಿಡಿಯಾಕ ನಾಚಿಕಿಲ್ಲ. ಆದ್ರ ಇಷ್ಟೆಲ್ಲಾ ಮಾಡಿ ನೋಡಿದ ಮ್ಯಾಲ ಸುಮ್ನ ಹೆಂಗ ಕೂಡ್ಲಿ?"

ಅವರು ಚೇಷ್ಟೆಯಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಸೈಕಲ್ಲು ಹತ್ತಿ ಕೆಲಗೇರಿಗೆ ಹೋಗಿ ಬಂದರು. ಕೆರೆಯ ದಂಡೆಯಿಂದ ಬೀಗರ ಮನೆಗೆ ಏರುವ ದಾರಿ ಒಂದು ಫರ್ಲಾಂಗು, ಅಂದರೆ ಆರುನೂರಾ ಅರವತ್ತು ಫೂಟು, ಎತ್ತರ ಅರವತ್ತಾರು ಫೂಟು. ಹತ್ತಕ್ಕೆ ಒಂದರ ಏರು. ಕೆರೆಯ ಹೂಳನ್ನೇ ತಂದು ಹಾಕಿ ಮಾಡಿದ ದಾರಿ. ಆ ಹೂಳು ಒಂದು ಬುಟ್ಟಿ ಕ್ಯಾರಿಯರಿಗೆ ಕಟ್ಟಿಕೊಂಡು ತಂದಿದ್ದರು.

ಜನ, ಅಕ್ಕಿಯ ಚೀಲ, ಪಾತ್ರೆ ಎಲ್ಲ ಸೇರಿ ನಾಲ್ಕು ಸಾವಿರ ರತ್ತಲು, ಲಾರಿ ಆರು ಸಾವಿರ. ಹತ್ತು ಸಾವಿರ ರತ್ತಲನ್ನು ಅರವತ್ತಾರು ಫೂಟು ಎತ್ತಬೇಕು. ಹದಿನೈದು ಕುದುರೆಗೆ ಅದು ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಕೆಲಸ ಎಂದು ಪಾತ್ರೆಗಳಿಗೆ ಹೇಳಿದೆ.

"ಎರಡು ನಿಮಿಷ ಹಿಡಿ ಎಮ್ಮಿ. ಸಾಹೇಬನ ಕುದುರಿ ಕೆಸರು ತುಳದಿಲ್ಲ" ಎಂದರು. ಆಮೇಲೆ, "ಬಲದ ಚಿಂತಿಲ್ಲ. ಬಲಾ ಕಡಿಮಿ ಆದ್ರ ತಡಾ ಆಗತೈತಿ, ಅಷ್ಟ. ನೆಲಾ ಹಿಡಿಯೂದರ ಚಿಂತಿ. ಗಾಲಿ ನನ್ನ ತಲಿಹಂಗ ಬೋಳಾಗ್ಯಾವು" ಎಂದರು.

ಆಗ ಮಾಡಿದ ಪರೀಕ್ಷೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಳೆಯ ಟಾಯರಿಗೆ ಕಲ್ಲು ಕಟ್ಟಿ ನೂರು ರತ್ತಲು ಮಾಡಿದರು. ಬಾವಿಯ ಕಟ್ಟೆಯ ಅಂಚಿಗೆ ಸಣ್ಣ ಗಾಲಿ ಕೂರಿಸಿ, ಹಗ್ಗದ ಒಂದು ತುದಿ ಟಾಯರಿಗೆ, ಇನ್ನೊಂದು ತುದಿಗೆ ಬಾವಿಯೊಳಗೆ ಜೋತುಬಿಟ್ಟ ಖಾಲಿ ಕೊಡ. ಕೊಡಕ್ಕೆ ಚರಿಗೆಯಿಂದ ನೀರು ಹಾಕಬೇಕು. ಯಾವ ಹೊತ್ತಿಗೆ ಟಾಯರು ಜಾರುತ್ತದೋ ಆಗ ನಿಲ್ಲಿಸಿ ಕೊಡವನ್ನು ತೂಗಬೇಕು. ನೀರು ಹಾಕಿದವಳು ನಾನು. ಸೊಸೆ ಬಾವಿಯ ಹತ್ತಿರ ನಿಂತರೆ ಯಾರು ಏನನ್ನುತ್ತಾರೆ? ಒಣ ನೆಲದಲ್ಲಿ ಅರವತ್ತು ರತ್ತಲಿನವರೆಗೆ ಟಾಯರು ಅಲುಗಲಿಲ್ಲ. ಕೆಲಗೇರಿಯ ಹೂಳು ಹರಡಿ ನೀರು ಚಿಮುಕಿಸಿದ ಮೇಲೆ ಇಪ್ಪತ್ತೈದಕ್ಕೇ ಸರಕ್ಕನೆ ಬಾವಿಯ ಕಡೆ ಹೊರಟಿತು. ಮಿಸ್ತ್ರಿ ಅದರ ಮೇಲೆ ಬಿದ್ದು ಹಿಡಿದರು.

"ನಾಕಕ್ಕ ಒಂದು" ಎಂದರು ಕೆಸರಿನಲ್ಲಿ ಮಲಗಿಕೊಂಡೇ.

ಅಂದರೆ ಹಿಂದಿನ ಗಾಲಿಯ ಮೇಲೆ ನಾಲ್ಕು ರತ್ತಲು ಭಾರ ಇದ್ದರೆ ಒಂದು ರತ್ತಲಿನಷ್ಟು ಎಳೆಯಬಹುದು. ಹೆಚ್ಚು ಎಳೆದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಆ ಏರಿಗೆ ಹದಿನೈದುನೂರು ರತ್ತಲು ಎಳೆತ ಬೇಕು ಎಂದು ಮಿಸ್ತ್ರಿಯ ಅಂದಾಜು. ನಾಲ್ಕು ಪಟ್ಟು ಎಂದರೆ ಆರು ಸಾವಿರ. ಜನ ಸಮನಾಗಿ ಕೂತರೆ ಹಿಂದಿನ ಗಾಲಿಗೆ ಬೀಳುವುದು ಸರಿಯಾಗಿ ಅಷ್ಟೇ. ತಕ್ಕಡಿಯ ಮುಳ್ಳು ನಟ್ಟನಡುವೆ.

"ಮುಂದ ಕೂತವರ ಭಾರ ಮುಂದಿನ ಗಾಲಿ ತಿಂತಾವ. ಹಿಂದಿನ ಗಾಲಿ ದಾಟಿ ಬಾಲದಾಗ ಕೂತವರ ಭಾರ ಪೂರಾ ನಮಗ, ಮ್ಯಾಲ ಕೊಸರು. ದಪ್ಪನ್ನವರೆಲ್ಲಾ ಬಾಲಕ್ಕ" ಎಂದರು.

ಯಾರು ದಪ್ಪ ಎಂದು ಪಟ್ಟಿ ಮಾಡಬೇಕಾಯಿತು. ಉಳಿದವರನ್ನು ಮಿಸ್ತ್ರಿ ಕಣ್ಣಿನಲ್ಲೇ ತೂಗಿದರು. ಅತ್ತೆಯನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. "ಎಮ್ಮಿ, ಅವ್ವಾರ ಎಷ್ಟು?" ಎಂದು ದನಿ ತಗ್ಗಿಸಿ ಕೇಳಿದರು. ನನಗೆ ಗೊತ್ತಿತ್ತು. ಅತ್ತೆ ಮೊದಲೊಮ್ಮೆ ಜಡ್ಡಿನಿಂದ ಎದ್ದಾಗ ಮಠದಲ್ಲಿ ಬೆಲ್ಲದ ತುಲಾಭಾರ ಮಾಡಿಸಿದ್ದರು. ಒಂದುನೂರಾ ಅರವತ್ತೆಂಟು ರತ್ತಲು ಬೆಲ್ಲ ಕೊಟ್ಟೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಅಂಕಿಯನ್ನೇ ಹೇಳಿದೆ. ಮಿಸ್ತ್ರಿ ಲಾರಿಯ ಬಾಲದ ಹಲಗೆಯ ಮೇಲೆ, ಅತ್ತೆ ಕೂಡಬೇಕಾದ ಜಾಗದಲ್ಲಿ, ಇದ್ದಿಲಿನಿಂದ ೧೬೮ ಎಂದು ಬರೆದರು.

ಮಾವನಿಗೆ ಇದನ್ನು ವಿವರಿಸಲು ಹೋದಾಗ ಜಗಲಿ ಹಾರಿಹೋಗುವಷ್ಟು ಗದ್ದಲವಾಯಿತು.

"ಮದುವಿ ಹೆಣ್ಣಿನ ತಾಯಿ ಹಿಂದ ಜೋತಾಡಿಕೋತ ಬರಬೇಕೇನಲೇ? ಹಿರ್ಯಾರು ಮುಂದ, ಸಣ್ಣವರು ಹಿಂದ. ಚಕ್ಕಡಿ ಹುಟ್ಟಿದಾಗಿಂದ ಇದ ಪದ್ಧತಿ."

"ಪದ್ಧತಿ ಎಳ್ಯೂದಿಲ್ರಿ ಸಾವಕಾರ್ರ, ಗಾಲಿ ಎಳೀತಾವ."

"ನಡಿ, ನಡಿ."

ಮದುವೆಯ ದಿನ ಬೆಳಗ್ಗೆ ಹಾಗೇ ಹೊರಟೆವು. ಮುಂದೆ ಮಿಸ್ತ್ರಿಯ ಪಕ್ಕದಲ್ಲಿ ಅ‌ತ್ತೆ ಮಾವ, ಅವರ ಬೆನ್ನ ಹಿಂದೆ ಅಕ್ಕಿಯ ಚೀಲಗಳು ಮತ್ತು ದೊಡ್ಡ ಹೊಟ್ಟೆಯ ಕಾಕಾಗಳು, ನಡುವೆ ಮದುಮಗಳು, ಬಾಲದಲ್ಲಿ ನನ್ನಂಥ ಸೊಸೆಯಂದಿರು ಮತ್ತು ಮಕ್ಕಳು. ಹಕ್ಕಿಗಳ ಹಾಗಿದ್ದೆವು, ಎಲ್ಲ ಸೇರಿ ಒಂದು ಚೀಲದ ತೂಕವಿಲ್ಲ. ಬೈರಿದೇವರಕೊಪ್ಪ ದಾಟುವವರೆಗೆ ಬಿಸಿಲು. ಧಾರವಾಡಕ್ಕೆ ಬರುವಾಗ ಮೋಡ. ಕೆಲಗೇರಿಯ ಕೆರೆ ಕಂಡಾಗ ಮಳೆ ಹೊಯ್ದು ಆಗಷ್ಟೇ ನಿಂತಿತ್ತು. ಏರಿನ ಮೇಲೆ ಬೀಗರು ಛತ್ರಿ ಹಿಡಿದು, ವಾಲಗದವರೊಂದಿಗೆ ನಿಂತದ್ದು ಕಾಣುತ್ತಿತ್ತು. ಅಕ್ಕಿಕಾಳಿಗೆ ಅರ್ಧ ತಾಸು ಉಳಿದಿತ್ತು.

ಏರಿನ ಮೂರರಲ್ಲಿ ಒಂದು ಪಾಲು ಹೋಗಿರಬಹುದು. ಎಂಜಿನ್ನಿನ ದನಿ ಏರಿತು, ಲಾರಿ ನಿಂತಿತು. ಹಿಂದಿನ ಗಾಲಿಗಳು ಗರಗರ ತಿರುಗಿ ಕೆಸರನ್ನು ನಮ್ಮ ಹೊಸ ಸೀರೆಗೆ ಎರಚಿದವು.

ಆಗ ಅತ್ತೆ ಮಾಡಿದ್ದನ್ನು ನೀವು ತಪ್ಪು ತಿಳಿಯಬೇಡಿರಿ. ಅವರು ಒಳ್ಳೆಯ ಒಕ್ಕಲುತನದ ಮನೆಯಿಂದ ಬಂದವರು. ಏರು ಬಂದರೆ ಚಕ್ಕಡಿಯಿಂದ ಇಳಿದು ನಡೆಯಬೇಕು, ಎತ್ತಿಗೆ ತ್ರಾಸು ಕೊಡಬಾರದು ಎಂದು ಕಲಿತವರು. ಸೀರೆ ಎತ್ತಿ ಹಿಡಿದು ಮೊದಲು ತಾವೇ ಇಳಿದರು.

"ಎಲ್ಲಾರೂ ಇಳೀರಿ. ಪಾಪ, ಗಾಡಿಗೆ ದಮ್ಮು ಹತ್ತೈತಿ."

ಅತ್ತೆ ಇಳಿದ ಮೇಲೆ ಯಾರು ಕೂತಾರು? ಕಾಕಾಗಳು ಇಳಿದರು, ಸೊಸೆಯಂದಿರು ಇಳಿದೆವು, ಮಕ್ಕಳು ಹಾರಿದರು, ಮದುಮಗಳು ಬಾಸಿಂಗ ಹಿಡಿದುಕೊಂಡು ಇಳಿದಳು. ಕಾಕಾ ಒಬ್ಬರು ಅಕ್ಕಿಯ ಚೀಲವನ್ನೂ ಇಳಿಸತೊಡಗಿದರು.

"ಇಳೀಬ್ಯಾಡ್ರಿ, ಹತ್ರಿ, ಹತ್ರಿ" ಎಂದು ಮಿಸ್ತ್ರಿ ಒಳಗಿನಿಂದ ಕೂಗುತ್ತಿದ್ದರು. ಖಾಲಿ ಲಾರಿ ಏರುವ ಬದಲು ಒಂದು ಮಾರು ಹಿಂದಕ್ಕೆ ಜಾರಿತು. ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು.

"ಖಾಲಿ ಇದ್ದಾಗ ಏರಲಾರದ್ದು ತುಂಬಿದ ಮ್ಯಾಲ ಏರತೈತೇನಲೇ?" ಎಂದರು ಮಾವ. ಅವರ ದನಿ ಬಹಳ ಮೆತ್ತಗಿತ್ತು, ಅದೇ ಹೆದರಿಕೆ. "ನಡೀರಿ, ನಡಕೊಂಡು ಹೋಗೂಣು. ಸೋಮವಾರ ಗುಜರಿಯಾಂವಗ ಇಲ್ಲೇ ಬಾ ಅಂತ ಹೇಳತೇನಿ."

ಮಿಸ್ತ್ರಿ ಕೆಳಗಿಳಿದರು. ಮಾವನನ್ನು ನೋಡಿದರು, ಕಾಕಾಗಳನ್ನು ನೋಡಿದರು. ಯಾರಿಗೆ ಹೇಳಿದರೂ ನಂಬುವ ಮುಖವಿರಲಿಲ್ಲ. ಸುತ್ತ ಒಂದು ಎಮ್ಮೆಯೂ ಇರಲಿಲ್ಲ. ಆಗ ಅವರು ತಿರುಗಿ ನೇರವಾಗಿ ನನ್ನ ಮುಖ ನೋಡಿದರು, ಅಷ್ಟು ತಿಂಗಳಲ್ಲಿ ಮೊದಲ ಸಲ.

"ತಂಗೀ" ಎಂದರು. "ನೀ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಾಲು ಹೂಳಿನಲ್ಲಿ ಊರಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಓಡಿಹೋಗುತ್ತಿದ್ದೆನೋ ಏನೋ. ಸೆರಗು ಎಳೆದುಕೊಂಡು, ಮಾವನನ್ನು ಬಿಟ್ಟು, ಅತ್ತೆಯ ಪಾದ ನೋಡುತ್ತ ಹೇಳಿದೆ.

"ಅತ್ತ್ಯಾರ, ಇದು ಎತ್ತಲ್ಲರಿ. ಎತ್ತಿಗೆ ಭಾರ ತ್ರಾಸು, ಇದಕ್ಕ ಭಾರ ಬೇಕು. ಹಿಂದಿನ ಗಾಲಿಮ್ಯಾಲ ಆರು ಸಾವಿರ ರತ್ತಲ ಬಿದ್ರ ನೆಲಾ ಹಿಡೀತೈತಿ. ಈಗ ಮೂರ ಐತಿ. ನೀವೂ ಕಾಕಾಗೋಳೂ ಬಾಲದಾಗ ಕೂತ್ರ, ಚೀಲಾ ಹಿಂದ ಸರಿಸಿದ್ರ, ಏರತೈತ್ರಿ."

"ನಿನಗ್ಯಾರು ಹೇಳಿದ್ರು?"

"ಲೆಕ್ಕಾ ಮಾಡೇನ್ರಿ."

"ನಾ ಎಷ್ಟು ತೂಕ ಅಂತ ಲೆಕ್ಕದಾಗ ಹಿಡದಿ?"

ಸುಳ್ಳು ಹೇಳಲು ನನಗೆ ಬರಲಿಲ್ಲ. "ಮಠದಾಗ ಬೆಲ್ಲಾ ತೂಗಿದ್ದರಿ. ನೂರಾ ಅರವತ್ತೆಂಟು."

ನಿಮ್ಮ ಅಜ್ಜ ಆಕಾಶ ನೋಡುತ್ತಿದ್ದರು. ಅತ್ತೆ ಬಾಲದ ಹಲಗೆಯ ಹತ್ತಿರ ಹೋಗಿ ಆ ಇದ್ದಿಲ ಅಂಕಿಯನ್ನು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹುಚ್ಚಿ" ಎಂದರು. "ಆಗ ನಾ ಜಡ್ಡಿನಾಗಿಂದ ಎದ್ದಾಕಿ, ಬರೀ ಎಲುವು. ಈಗ ನಾ ಅಷ್ಟ ಇದ್ದೇನೇನು?" ಮತ್ತೆ ಕಾಕಾಗಳಿಗೆ, "ಏನು ನೋಡ್ತೀರಿ? ನನ್ನ ಹತ್ತಸ್ರಿ."

ಮೂವರು ಹತ್ತಿಸಿದರು. ಅತ್ತೆ ಬಾಲದ ಹಲಗೆಯ ಮೇಲೆ, ಅಂಕಿಯ ಮೇಲೆಯೇ, ಕಾಲು ಇಳಿಬಿಟ್ಟು ಕೂತರು. ಎರಡೂ ಬದಿಗೆ ಕಾಕಾಗಳು. ಚೀಲಗಳು ಹಿಂದಕ್ಕೆ ಬಂದವು. ಮಕ್ಕಳೂ ಸೊಸೆಯಂದಿರೂ ಮುಂದೆ ಹೋದೆವು. ಮಾವ ಒಬ್ಬರೇ ಕೆಳಗೆ ನಿಂತಿದ್ದರು.

"ನೀವು ಹತ್ರಿ" ಎಂದರು ಅತ್ತೆ. "ನಿಮ್ಮ ಮಾನಾ ಎಷ್ಟ ರತ್ತಲ ಐತಿ ಅದೂ ಬರಲಿ."

ಮಾವ ಹತ್ತಿದರು. ಮಿಸ್ತ್ರಿ ತಿದಿ ಒತ್ತಿ ಕೆಂಡ ಊದಿದರು, ಸಣ್ಣ ಗೇರು ಹಾಕಿದರು. ಗಾಲಿ ಒಂದು ಸುತ್ತು ಜಾರಿತು, ಅರ್ಧ ಸುತ್ತು ಜಾರಿತು, ಆಮೇಲೆ ಕಚ್ಚಿತು. ಎಮ್ಮೆ ಎದ್ದು ನಿಂತ ಹಾಗೆ ಲಾರಿ ಒಮ್ಮೆ ಮೈ ಕುಲುಕಿ ಮೇಲಕ್ಕೆ ಹೊರಟಿತು. ಬೀಗರಿಗೆ ಮೊದಲು ಕಂಡದ್ದು ಹೊಗೆ, ಆಮೇಲೆ ಲಾರಿಯ ಮೂತಿ, ಎಲ್ಲಕ್ಕೂ ಕೊನೆಗೆ ನಮ್ಮ ಅತ್ತೆಯ ಬೆನ್ನು. ಬೀಗರಿಗೆ ಬೆನ್ನು ತಿರುಗಿಸಿ ಬಂದ ಬೀಗಿತ್ತಿ ಆ ಊರಿನಲ್ಲಿ ಅವರೊಬ್ಬರೇ ಇರಬೇಕು. ನಿಮ್ಮ ಅಜ್ಜ ಗಡಿಯಾರ ನೋಡಿದರು. ಅಲ್ಲಿಂದ ಮೇಲಕ್ಕೆ ಒಂದೂವರೆ ನಿಮಿಷ.

ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಊಟವಾದ ಮೇಲೆ ಮಾವ ಲಾರಿಯ ಹತ್ತಿರ ಹೋದರು. ಮಿಸ್ತ್ರಿ ಎದ್ದು ನಿಂತರು. ಮಾವ ಡಬ್ಬದ ಮೇಲೆ ಕೈಯಿಟ್ಟು, ಸುಟ್ಟುಕೊಂಡು, ಕೈ ಹಿಂದೆ ಕಟ್ಟಿಕೊಂಡರು.

"ಸೋಮವಾರ ಹತ್ತಿ ತರಾಕ ಹೋಗಬೇಕು" ಎಂದರು. "ಲಗೂನ ಬಾ."

ಹುಬ್ಬಳ್ಳಿಗೆ ಮರಳಿದ ಮೇಲೆ ನನಗೆ ಏನು ಕಾದಿದೆಯೋ ಎಂದು ಎರಡು ದಿನ ಅತ್ತೆಯ ಕಣ್ಣು ತಪ್ಪಿಸಿ ತಿರುಗಿದೆ. ಮೂರನೆಯ ದಿನ ಅತ್ತೆ ಲಾರಿಯಲ್ಲಿ ಕೂತು ಹತ್ತಿ ಗಿರಣಿಯ ಕಾಂಟಾಕ್ಕೆ ಹೋಗಿ ಬಂದರು. ಬಂದವರು ಒಳಗೆ ನನ್ನ ಮುಂದೆ ಸ್ಲೇಟು ಇಟ್ಟರು. ನಾದಿನಿ ಸಾಲಿಗೆ ಹೋಗುವಾಗಿನದು.

"ಎರಡನೂರಾ ಹತ್ತು" ಎಂದರು. "ಬರಕೊ. ಮುಂದಿನ ಸಲ ತಪ್ಪಬಾರದು. ಮತ್ತ ಇನ್ನ ಮ್ಯಾಲ ಪಾತ್ರಿ ಕೂಡ ಮಾತಾಡಬ್ಯಾಡ, ಮಂದಿ ಹುಚ್ಚಿ ಅಂತಾರ."

ಆ ಸ್ಲೇಟು ಆ ಮನೆಯಲ್ಲಿ ನನ್ನದಾಗಿಯೇ ಉಳಿಯಿತು.

ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೂ ಆ ಲಾರಿ ಕೆಲವು ವರ್ಷ ಬೀಡಿ ಸೇದಿಕೊಂಡೇ ಓಡಿತು. ಆಮೇಲೆ ಎಂಜಿನ್ನು ಒಡೆದು, ಯಾರೂ ಕಳಿಸದೆ ತಾನೇ ಗುಜರಿಗೆ ಹೋಯಿತು. ಮಿಸ್ತ್ರಿಯ ಕಣ್ಣು ಮಂಜಾಯಿತು. ಅವರು ತೀರಿಕೊಂಡ ಸುದ್ದಿ ಬಂದಾಗ ಗಂಡಸರು ಹೋದರು, ನಾನು ಹೋಗುವಂತಿರಲಿಲ್ಲ. ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ. ಆಗಿದ್ದದ್ದು ಆ ಎಮ್ಮೆಯ ಮೊಮ್ಮಗಳು, ಅದಕ್ಕೆ ಏನೂ ಗೊತ್ತಿರಲಿಲ್ಲ.

ಹಬ್ಬದ ದಿನ ಊಟಕ್ಕೆ ಕೂಡುವಾಗ ನೀವು ಆ ದೊಡ್ಡ ಮಣೆಗಾಗಿ ಜಗಳಾಡುತ್ತೀರಲ್ಲ, ಅದನ್ನು ಒಮ್ಮೆ ತಿರುವಿ ನೋಡಿರಿ. ಅಡಿಯಲ್ಲಿ ಉಳಿಯಿಂದ ಕೊರೆದ ಎರಡು ಅಂಕಿಗಳಿವೆ. ೧೬೮, ಅದಕ್ಕೆ ಅಡ್ಡ ಗೀರು. ಪಕ್ಕದಲ್ಲಿ ೨೧೦. ಅದು ಮಣೆ ಮಾಡಿದ ವರ್ಷ ಇರಬೇಕೆಂದು ನಿಮ್ಮಲ್ಲೊಬ್ಬ ಹೇಳುತ್ತಿದ್ದ. ಅದು ನಿಮ್ಮ ಮುತ್ತಜ್ಜಿಯ ತೂಕ. ಲಾರಿ ಗುಜರಿಗೆ ಹೋದ ದಿನ ಮಿಸ್ತ್ರಿ ಬಾಲದ ಹಲಗೆಯನ್ನು ಮಾತ್ರ ಬಿಚ್ಚಿಕೊಂಡು, ಮಣೆ ಮಾಡಿ, ಇದ್ದಿಲಿನ ಅಂಕಿ ಇದ್ದ ಜಾಗದಲ್ಲಿ ಉಳಿ ಓಡಿಸಿ ತಂದಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅದನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟು, ಹಳೆಯ ರೂಢಿಯಂತೆ ಕೊಟ್ಟಿಗೆಯ ಕಡೆ ತಿರುಗಿದರು.

"ನಿನ್ನ ಲೆಕ್ಕ ತಪ್ಪಿರ್ಲಿಲ್ಲ ಎಮ್ಮಿ" ಎಂದರು. "ಬೆಲ್ಲಾ ಹಳೇದಾಗಿತ್ತು."